ಭೀಮತ್ತೆಯ ಕೆಂಪು ಪಟ್ಟೆ

ಹರಿದಾಸರ ಮಗಳು ಸಂಹಿತಾಳ ಮದುವೆಗೆ ನೆಂಟರು ಇಟ್ಟ ಹೆಸರು ‘ಕಾಯಲಾನ್ ಕಡೈ ಕಲ್ಯಾಣ’. ಗುಜರಿ ಅಂಗಡಿಗೆ ಮದರಾಸಿನಲ್ಲಿ ಹಾಗೆನ್ನುತ್ತಾರೆ. ಹೆಸರಿಟ್ಟವರು ಯಾರೆಂದು ವಿಚಾರಿಸಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ಮಾಡುತ್ತಿದ್ದರು. ಆದರೆ ತಿರುವಲ್ಲಿಕ್ಕೇಣಿಯಿಂದ ತಾಂಬರದವರೆಗೆ ಬಳಗದ ಬಾಯಲ್ಲೆಲ್ಲ ಅದೇ ಮಾತು. ಆಡುವವರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಹರಿದಾಸರು ಮೊದಮೊದಲು ಕೇಳಿ ಕುಗ್ಗಿದರು, ಆಮೇಲೆ ನಕ್ಕರು, ಕೊನೆಗೆ ತಾವೇ ಆ ಹೆಸರು ಹೇಳಿಕೊಂಡು ಪತ್ರಿಕೆ ಹಂಚಿ ಬಂದರು.

ಸಂಹಿತಾ ಅಡೆಯಾರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕೈಕೆಲಸ ಕಲಿಸುವವಳು. ಗೆಳತಿಯೊಬ್ಬಳ ಮದುವೆ ಮುಗಿದ ಮಾರನೆಯ ದಿನ ಬಸ್ಸಿನಲ್ಲಿ ಬರುವಾಗ ಕೂವಂ ನದಿಯ ಕಪ್ಪು ನೀರಿನಲ್ಲಿ ಎರಡು ಥರ್ಮೋಕೋಲ್ ಹಂಸಗಳು ತೇಲುತ್ತಿದ್ದುದನ್ನು ಕಂಡಳಂತೆ. ಹಿಂದಿನ ದಿನ ಮದುಮಕ್ಕಳ ಬೆನ್ನ ಹಿಂದೆ ನಿಂತಿದ್ದವೇ ಅವು. ಕೊರಳಿನಲ್ಲಿ ಗೆಳತಿಯ ಹೆಸರಿನ ಅಕ್ಷರ ಇನ್ನೂ ಅಂಟಿಕೊಂಡೇ ಇತ್ತಂತೆ. “ನನ್ ಮದುವೇಲಿ ಕೂವಂಗೆ ಹೋಗೋ ಅಂಥದ್ದು ಒಂದೂ ಇರಕೂಡದು” ಎಂದು ಅವಳು ಅವತ್ತೇ ಮನೆಯಲ್ಲಿ ಸಾರಿದಳು. ಮದುವೆ ಗೊತ್ತಾಗುವುದಕ್ಕೆ ಮೊದಲೇ ಹೀಗೆ ಅಪ್ಪಣೆ ಹೊರಡಿಸಿದ ಹುಡುಗಿಯನ್ನು ಕಂಡು ತಾಯಿ ವೃಂದಾ ಹಣೆ ಚಚ್ಚಿಕೊಂಡಿದ್ದರು.

ಆದರೆ ಹುಡುಗಿ ಮಾತಿನ ಮಲ್ಲಿಯಲ್ಲ, ಕೆಲಸ ಮಾಡಿ ತೋರಿಸುವವಳು. ಮದುವೆ ಪತ್ರಿಕೆಯನ್ನು ನಮ್ಮವರು ಕಸಕ್ಕೆ ಹಾಕುವುದಿಲ್ಲ. ಮೂಲೆಯಲ್ಲಿ ಅರಿಸಿನ, ತಲೆಯ ಮೇಲೆ ಶ್ರೀನಿವಾಸ ದೇವರು ಇರುವಾಗ ಎಸೆಯುವ ಧೈರ್ಯ ಯಾರಿಗಿದೆ? ಹಾಗಾಗಿ ಮನೆಮನೆಯ ಅಟ್ಟದಲ್ಲೂ ಮೂವತ್ತು ನಲವತ್ತು ವರ್ಷದ ಪತ್ರಿಕೆಗಳ ಕಟ್ಟು ಧೂಳು ತಿನ್ನುತ್ತಿರುತ್ತದೆ. ಅವನ್ನೆಲ್ಲ ಬೇಡಿ ತಂದು, ದೇವರನ್ನು ಜೋಪಾನವಾಗಿ ಬೇರೆ ತೆಗೆದಿಟ್ಟು, ಉಳಿದ ಕಾಗದದಲ್ಲಿ ಗಿಳಿಗಳನ್ನು ಕತ್ತರಿಸಿ ತೋರಣ ಕಟ್ಟಿದಳು. ಹಳೆಯ ಪಟ್ಟೆ ಸೀರೆ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗಿಕೊಂಡು ಬರುವವರು ಸೀರೆಯನ್ನು ಸುಟ್ಟು ಜರಿಯ ಬೆಳ್ಳಿ ತೆಗೆಯುತ್ತಾರಲ್ಲ, ಅವರನ್ನು ತಡೆದು ಅಂಚುಗಳನ್ನು ಬಿಡಿಸಿಕೊಂಡಳು. ಒಡೆದ ಬಳೆ, ತೆಂಗಿನ ಕರಟ, ಮೂಲೆಗೆ ಬಿದ್ದ ಹಿತ್ತಾಳೆ ದೀಪ, ಯಾವುದನ್ನೂ ಬಿಡಲಿಲ್ಲ. ಸುನಾಮಿ ಬಂದು ಹೋದ ಮರುವರ್ಷ ಅದು. ತಿರುವಲ್ಲಿಕ್ಕೇಣಿಯ ಆ ಸಣ್ಣ ಮನೆಯಲ್ಲಿ ಊಟಕ್ಕೆ ಕೂರಬೇಕಾದರೆ ಗಿಳಿಗಳನ್ನು ಸರಿಸಿ ಜಾಗ ಮಾಡಿಕೊಳ್ಳಬೇಕಾಗಿತ್ತು.

ಒಂದನ್ನು ಮಾತ್ರ ಅವಳು ಗುಟ್ಟಾಗಿಟ್ಟಿದ್ದಳು. ಧಾರೆಗೆ ಮುಂಚೆ ಗಂಡುಹೆಣ್ಣಿನ ನಡುವೆ ಹಿಡಿಯುವ ಅಂತರಪಟ. “ಅದು ನಿಮಗೋಸ್ಕರ ಪಾ. ಛತ್ರದಲ್ಲೇ ತೋರಿಸೋದು” ಎಂದು ತಂದೆಗೆ ಹೇಳಿದ್ದಳು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿದ್ದ ಹರಿದಾಸರಿಗೆ ಜೀವಮಾನದಲ್ಲಿ ಯಾರೂ ಬೆರಗು ಹುಟ್ಟಿಸುವ ಉಡುಗೊರೆ ಕೊಟ್ಟವರಲ್ಲ. ಅವರು ಒಳಗೊಳಗೇ ಹಿಗ್ಗಿದ್ದರು.

ಮದುವೆಯ ಹಿಂದಿನ ದಿನ ಮಧ್ಯಾಹ್ನಕ್ಕೆ ಎಲ್ಲರೂ ಪೋರೂರಿನ ಛತ್ರ ಸೇರಿದ್ದರು. ಗಿಳಿಗಳು ಬಾಗಿಲಿಗೆ ಏರಿದ್ದವು, ಕರಟದ ದೀಪಗಳು ಮಂಟಪದ ಕಂಬಗಳಲ್ಲಿ ತೂಗುತ್ತಿದ್ದವು. ನಿಜ ಹೇಳಬೇಕೆಂದರೆ, ನಗುವುದಕ್ಕೆಂದೇ ಬಂದ ನೆಂಟರೂ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಸಂಹಿತಾ ತಂದೆಯ ಕೈ ಹಿಡಿದು ಮಂಟಪದ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ತಟ್ಟೆಯಿಂದ ಮಡಿಸಿದ ಬಟ್ಟೆಯನ್ನು ಎತ್ತಿ ಒದರಿ, ಎರಡೂ ಕೈ ಚಾಚಿ ಹಿಡಿದಳು.

ಕಡುಗೆಂಪು ಪಟ್ಟೆ. ಸುತ್ತಲೂ ಹಳೆಯ ಜರಿಯಂಚು ಹೊಲಿದಿತ್ತು. ನಡುವೆ ಅರಿಸಿನ ಬಣ್ಣದ ದಾರದಲ್ಲಿ ಸ್ವಸ್ತಿಕ, ಅದರ ಸುತ್ತ ತುಳಸಿಯ ಎಲೆಗಳು. ಕೆಳಗೆ ಬಲಮೂಲೆಯಲ್ಲಿ ಅಂಗೈಯಗಲದ ಒಂದು ಹಳೆಯ ತೇಪೆ, ಹಳದಿ ದಾರದಲ್ಲಿ ಅಡ್ಡಡ್ಡ ಹೊಲಿದದ್ದು.

“ಯಾರ್ದು ಗೊತ್ತಾಯ್ತಾ?” ಬಟ್ಟೆಯ ಮೇಲಿನಿಂದ ಅವಳ ಕಣ್ಣುಗಳು ಮಾತ್ರ ಕಾಣುತ್ತಿದ್ದವು. “ಭೀಮತ್ತೆ ಅಜ್ಜೀದು! ಪೆಟ್ಟಿಗೆ ಅಡೀಲಿ ಹಿತ್ತಾಳೆ ಪಾತ್ರೆ ಕೆಳಗೆ ಹಾಸಿದ್ರು, ಪಾವಂ. ಅಂಚು ಇರ್ಲಿಲ್ಲ, ನಾನೇ ಹಾಕ್ದೆ. ಈ ತೇಪೆ ಮುಚ್ಚೋಣ ಅಂದ್ಕೊಂಡೆ, ಆದ್ರೆ ಅದೇ ಅಳಗು, ಅದೇ ಚಂದ ಅಲ್ವಾ? ನೀವ್ ಹೇಳ್ತಿದ್ರಲ್ಲ, ಕೆಂಪು ಪಟ್ಟೆ ಉಟ್ಕೊಂಡು ಬಂದ್ರೆ ಸಾಕ್ಷಾತ್ ಲಕ್ಷ್ಮಿ ಥರ ಇರ್ತಿದ್ರು ಅಂತ.”

ಹರಿದಾಸರು ತೇಪೆಯಿಂದ ಕಣ್ಣು ಕೀಳಲಿಲ್ಲ. “ಚೆನ್ನಾಗಿದೆಯಮ್ಮಾ” ಎಂದರು. ಅವಳು ಅದನ್ನು ಸಂತೋಷದ ಮಾತೆಂದೇ ತಿಳಿದು ತಂದೆಯನ್ನು ಅಪ್ಪಿಕೊಂಡಳು.

ಭೀಮಾಬಾಯಿ ಹರಿದಾಸರ ಸೋದರತ್ತೆ, ತಂದೆಯ ಅಕ್ಕ. ಹೆತ್ತ ತಾಯಿ ಕಣ್ಣು ಮುಚ್ಚಿದಾಗ ಹರಿದಾಸರು ಇನ್ನೂ ತೊಟ್ಟಿಲ ಕೂಸು, ಸಾಕಿದವಳು ಭೀಮತ್ತೆ. ಅವಳ ಕಥೆಗಳನ್ನು ಅವರು ಮಗಳಿಗೆ ಊಟದ ಜೊತೆ ಉಣಿಸಿದ್ದರು: ಒಂದೇ ಕೈಯಲ್ಲಿ ಹೋಳಿಗೆ ತಟ್ಟುತ್ತಿದ್ದದ್ದು, ಏಕಾದಶಿಯ ದಿನ ಉಪವಾಸವಿದ್ದೂ ಮಕ್ಕಳಿಗೆ ಅವಲಕ್ಕಿ ಕಲಸಿ ಕೊಡುತ್ತಿದ್ದದ್ದು, ಕೆಂಪು ಪಟ್ಟೆ ಉಟ್ಟು ಮುಂಜಾನೆ ತುಳಸಿಗೆ ನೀರೆರೆಯುತ್ತಿದ್ದದ್ದು. ಎಲ್ಲವೂ ನಿಜವೇ, ಒಂದು ಕೂದಲೆಳೆಯಷ್ಟೂ ಸುಳ್ಳಿಲ್ಲ. ಆದರೆ ಕೂದಲಿನ ಮಾತನ್ನೇ ಅವರು ಎತ್ತಿರಲಿಲ್ಲ. ಭೀಮತ್ತೆಯ ತಲೆಯಲ್ಲಿ ಕೂದಲಿರಲಿಲ್ಲ. ಚಿಕ್ಕಂದಿನಲ್ಲೇ ಗಂಡ ಸತ್ತು ತಲೆ ಬೋಳಿಸಿಕೊಂಡ ಮಡಿ ಹೆಂಗಸು ಅವಳು. ಮಾಧ್ವರ ಮನೆಯಲ್ಲಿ ಅಂಥವರಿಗೆ ಉಡಲು ಕೊಡುತ್ತಿದ್ದದ್ದೇ ಕೆಂಪು: ಅಂಚಿಲ್ಲದ, ಸೆರಗಿಲ್ಲದ, ರವಿಕೆಯಿಲ್ಲದ ಕೆಂಪು. ಮದುವಣಗಿತ್ತಿಯ ಬಣ್ಣವನ್ನೇ ಸಾಯುವ ತನಕ ಸುತ್ತಿಕೊಂಡು ಹಿತ್ತಲಲ್ಲಿರು ಎಂದು ವಿಧಿಸಿದವರು ಯಾರೋ, ಅವರ ಬುದ್ಧಿಗೆ ಏನೆನ್ನಬೇಕೋ!

ಹರಿದಾಸರು ಇದನ್ನು ಮುಚ್ಚಿಟ್ಟದ್ದು ಕೆಟ್ಟತನದಿಂದಲ್ಲ. ಪುಟ್ಟ ಮಗುವಿಗೆ ಹೇಳುವ ಕಥೆಯಲ್ಲಿ ಕ್ಷೌರದವನು ಹೇಗೆ ಬರಬೇಕು? ಮಗು ಬೆಳೆದ ಮೇಲೆ ಹೇಳೋಣವೆಂದುಕೊಂಡರು, ಅಷ್ಟರಲ್ಲಿ ಕಥೆ ಗಟ್ಟಿಯಾಗಿ ಹೋಗಿತ್ತು. ಭೀಮತ್ತೆಯ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅಂಥವರ ಫೋಟೋ ಯಾರೂ ತೆಗೆಸುತ್ತಿರಲಿಲ್ಲ. ಸಂಹಿತಾಳ ಮನಸ್ಸಿನ ಭೀಮತ್ತೆಗೆ ಮೊಳಕಾಲುದ್ದ ಜಡೆಯಿತ್ತು, ಜಡೆಯ ತುಂಬ ಮಲ್ಲಿಗೆಯಿತ್ತು. ವೃಂದಾ ಈ ಮನೆಗೆ ಬರುವ ಎಷ್ಟೋ ವರ್ಷ ಮುಂಚೆಯೇ ಭೀಮತ್ತೆ ತೀರಿಕೊಂಡಿದ್ದಳು. ಬೋಳು ಕೆಂಪನ್ನು ಕಂಡಿದ್ದರೆ ಅವರಿಗೂ ಗುರುತು ಸಿಕ್ಕುತ್ತಿತ್ತೇನೋ. ಜರಿಯಂಚು ಹೊತ್ತ ಮೇಲೆ ಅದು ಯಾವುದೋ ಅಜ್ಜಿಯ ಧಾರೆ ಸೀರೆಯೆಂದೇ ಅವರು ನಂಬಿದರು.

ನಂಬದವರು ಒಬ್ಬರು ಬರುವವರಿದ್ದರು. ಹರಿದಾಸರ ಅಕ್ಕ ರತ್ನಾವತಿ, ತಿರುವೊಟ್ಟಿಯೂರಿನಿಂದ, ಗಂಡನೊಡನೆ, ಮೂರು ಬಸ್ಸು ಬದಲಿಸಿ. ಅರವತ್ತೈದು ದಾಟಿದ ಹೆಂಗಸು, ಹಣೆಯ ತುಂಬ ಕುಂಕುಮ, ಮಡಿಯಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಇನ್ನೂ ಕಟ್ಟುನಿಟ್ಟು. ಬಂದು ಕಾಲು ತೊಳೆದದ್ದೇ ತಡ, ವೃಂದಾ “ಅತ್ತಿಗೆ, ನಿಮ್ ಸೋದರಸೊಸೆ ಕೆಲಸ ನೋಡಿ” ಎಂದು ಹೆಮ್ಮೆಯಿಂದ ಆ ತಟ್ಟೆಯನ್ನೇ ಅವರ ಮುಂದೆ ಹಿಡಿದರು. ರತ್ನಾವತಿ ಬಟ್ಟೆ ಬಿಡಿಸಿದರು. ತೇಪೆಯ ಮೇಲೆ ಬೆರಳಿಟ್ಟರು. ಮಡಿಸಿ ತಟ್ಟೆಯಲ್ಲಿಟ್ಟು, ತಮ್ಮನನ್ನು ಕಣ್ಣಲ್ಲೇ ಉಗ್ರಾಣಕ್ಕೆ ಕರೆದರು.

ಉಗ್ರಾಣದಲ್ಲಿ ಬೆಲ್ಲದ ವಾಸನೆ. ಕದ ಮುಚ್ಚಿಕೊಂಡು ಅಕ್ಕ ತಮ್ಮನ ಎದುರು ನಿಂತರು.

“ದಾಸೂ, ಈ ತೇಪೆ ಯಾವಾಗಿನ್ದು ಗೊತ್ತೇನೋ ನಿನಗೆ?”

“ಗೊತ್ತು ಅಕ್ಕ.”

“ನನ್ ಮದುವೆ ದಿನದ್ದು. ಹಿತ್ಲಲ್ಲಿ ಕೋಡುಬಳೆ ಕರೀತಾ ಕೂತಿದ್ಲು, ಒಲೆಯಿಂದ ಕಿಡಿ ಹಾರ್ತು. ನನ್ ಕೊರಳಿಗೆ ತಾಳಿ ಬೀಳೋ ಹೊತ್ತಿಗೆ ಅವಳು ಸೀರೆಗೆ ಬಿದ್ದ ಬೆಂಕಿ ಆರಿಸ್ಕೋತಿದ್ಲು. ಆ ಬಟ್ಟೇನ ಮಗು ಎದುರಿಗೆ ಹಿಡೀತೀಯಾ ನಾಳೆ?”

“ಅವಳಿಗೆ ಗೊತ್ತಿಲ್ಲ ಅಕ್ಕ. ನಾನು ಹೇಳಿಲ್ಲ.”

“ಹೇಳಿಲ್ವಾ!” ರತ್ನಾವತಿ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಚೆನ್ನಾಗಿದೆ. ಹಾಗಾದ್ರೆ ಈಗ ಹೇಳು. ನೀನ್ ಹೇಳ್ದೆ ಇದ್ರೆ ನಾನ್ ಹೇಳ್ತೀನಿ. ನನ್ ಪೆಟ್ಟಿಗೇಲಿ ಹೊಸಾ ಪಂಚೆ ಒಂದಿದೆ, ನೀರಿಗೂ ಹಾಕಿಲ್ಲ, ಅದನ್ನ ಕೊಡ್ತೀನಿ.”

ಹರಿದಾಸರು ಬೆಲ್ಲದ ಮೂಟೆಯ ಕಡೆ ಮುಖ ತಿರುಗಿಸಿದರು. ಅದನ್ನು ಅಕ್ಕ ತಪ್ಪಾಗಿ ತಿಳಿದರು.

“ನನಗೆ ಅವಳ ಮೇಲೆ ಪ್ರೀತಿ ಇಲ್ಲ ಅಂದ್ಕೊಂಡ್ಯಾ? ದಿನಾ ಬೆಳಿಗ್ಗೆ ನನ್ನ ಮುಂದೆ ಕೂರಿಸ್ಕೊಂಡು ಎಣ್ಣೆ ಹಚ್ಚಿ ಜಡೆ ಹಾಕ್ತಿದ್ದೋಳು ಅವಳು. ತಲೇಲಿ ಒಂದು ಕೂದಲಿಲ್ದೋಳು ನನ್ ಕೂದಲನ್ನ ಎಷ್ಟು ಚೆನ್ನಾಗಿ ಹೆಣೀತಿದ್ಲು ಅಂತ ನನಗೊಬ್ಬಳಿಗೆ ಗೊತ್ತು.” ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಆದ್ರೆ ಅವಳ ಹಣೆಬರಹ ಮಗೂಗೆ ಬೇಡ ಕಣೋ. ಬೇಡ.”

ಹರಿದಾಸರಿಗೆ ಅಕ್ಕನ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಬರದಿದ್ದುದಕ್ಕೆ ಕಾರಣವಿತ್ತು, ಆ ಕಾರಣ ಅವರಿಗೇ ನಾಚಿಕೆ ತರುವಂಥದ್ದು. ಅವರಿಗೂ ಹೆದರಿಕೆಯಾಗಿತ್ತು. ನಾಲ್ಕು ಜನರ ಎದುರು ಅಂಧಶ್ರದ್ಧೆಯನ್ನು ಹೀಗಳೆಯುತ್ತಿದ್ದವರು, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ದಾರಿ ಬಿಟ್ಟು ನಗುತ್ತಿದ್ದವರು. ಆದರೆ ಆ ಕೆಂಪಿನ ಮೇಲಿನಿಂದ ಮಗಳ ಎರಡು ಕಣ್ಣು ಇಣುಕಿದ ಕ್ಷಣದಲ್ಲಿ ಅವರು ಮನಸ್ಸಿನಲ್ಲೇ ಶ್ರೀನಿವಾಸ ದೇವರ ಹೆಸರು ಹೇಳಿಕೊಂಡಿದ್ದರು. ಪ್ರೀತಿಯೇ ಬೇರೆ, ಭಯವೇ ಬೇರೆ. ಒಂದಿದ್ದರೆ ಇನ್ನೊಂದು ಹೋಗುತ್ತದೆ ಎಂದುಕೊಂಡವರು ಮಗಳ ಮದುವೆ ಮಾಡಿ ನೋಡಬೇಕು.

ಹೊತ್ತು ಇಳಿಯುತ್ತಿದ್ದಾಗ ಸಂಹಿತಾ ಛತ್ರದ ಮಹಡಿಯ ಮೇಲೆ ಒಬ್ಬಳೇ ಸಿಕ್ಕಿದಳು. ಗಾಳಿಗೆ ಬಾಲ ಕಿತ್ತುಹೋದ ಗಿಳಿಗಳಿಗೆ ಅಂಟು ಹಚ್ಚುತ್ತ ಕೂತಿದ್ದಳು. ದೂರದಲ್ಲಿ ಪೋರೂರು ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಹರಿದಾಸರು ಅವಳ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ಹೇಗೆ ಸುರುಮಾಡುವುದೆಂದು ತಿಳಿಯದೆ, ನೇರವಾಗಿ ಹೇಳಿಬಿಟ್ಟರು.

ಅವಳು ಕೈಯಲ್ಲಿದ್ದ ಗಿಳಿಯನ್ನು ಕೆಳಗಿಟ್ಟಳು. ಬಟ್ಟೆಯ ಮಾತು ಕೇಳುತ್ತಾಳೆಂದು ಹರಿದಾಸರು ಕಾದಿದ್ದರು.

“ಜಡೆ?” ಎಂದಳು.

“ಇರ್ಲಿಲ್ಲಮ್ಮಾ.”

“ನಾನು ಸ್ಕೂಲಲ್ಲಿ ಅವರ ಚಿತ್ರ ಬರ್ದಿದ್ದೆ. ಇಷ್ಟುದ್ದ ಜಡೆ ಹಾಕಿ. ನೀವು ನೋಡಿ ‘ಅಚ್ಚು ಹಾಗೇ ಇದೆ’ ಅಂದ್ರಿ. ಎನ್ನಪ್ಪಾ ಇದು?” ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಕೋಪವಿತ್ತು. “ತಲೆ ಬೋಳಿಸಿದ್ರು, ರವಿಕೆ ಕಿತ್ಕೊಂಡ್ರು, ಫೋಟೋನೂ ತೆಗೀಲಿಲ್ಲ. ಮಿಕ್ಕಿದ್ದು ನೀವ್ ಹೇಳೋ ಕಥೆ ಒಂದೇ. ಅದ್ರಲ್ಲೂ ಅವರನ್ನ ಇದ್ದ ಹಾಗೆ ಇರೋಕ್ಕೆ ಬಿಡ್ಲಿಲ್ವಲ್ಲ!”

ಮಗಳು ಹೇಳಿದ್ದು ಸರಿಯಾಗಿತ್ತು.

“ಅವರ ಗಂಡ ಯಾರು? ಹೇಗಿದ್ರು? ಅದನ್ನಾದ್ರೂ ಹೇಳಿ. ಪೂರ್ತಿ ಹೇಳಿ.”

“ಹೇಗಿದ್ರೋ ಅವಳಿಗೇ ಗೊತ್ತಿರ್ಲಿಲ್ಲ” ಎಂದರು ಹರಿದಾಸರು. ಮಗಳು ನಂಬದವಳ ಹಾಗೆ ನೋಡಿದಾಗ, ಯಾರಿಗೂ ಇದುವರೆಗೆ ಹೇಳದಿದ್ದುದನ್ನು ಹೇಳಿದರು. “ಎಂಟು ವರ್ಷಕ್ಕೆ ಮದುವೆ. ಮಣೆ ಮೇಲೆ ನಿಲ್ಸಿ ಅಂತರಪಟ ಹಿಡಿದ್ರಂತೆ. ಮಂಗಳಾಷ್ಟಕ ಮುಗೀಲೇ ಇಲ್ವಂತೆ. ಅಷ್ಟು ಚಿಕ್ಕವಳು, ಸೋದರಮಾವನ ಮೈಗೆ ಒರಗಿ ನಿಂತಲ್ಲೇ ನಿದ್ದೆ ಹೋದ್ಲಂತೆ. ಎಚ್ಚರ ಆದಾಗ ಪರದೆ ತೆಗೆದಾಗಿತ್ತು. ತಲೆ ಎತ್ತಬಾರದು ಅಂತ ಅಮ್ಮ ಹೇಳಿಕೊಟ್ಟಿದ್ರು, ಎತ್ಲಿಲ್ಲ. ಹುಡುಗ ಕುಂಭಕೋಣಕ್ಕೆ ಓದೋಕ್ಕೆ ಹೋದ. ಮಾರನೇ ವರ್ಷ ಊರೂರಿಗೆ ಜ್ವರ ಬಂತಲ್ಲ, ಅದ್ರಲ್ಲಿ ಹೋಗ್ಬಿಟ್ಟ.”

“ಒಂದು ಸಲಾನೂ ನೋಡಿಲ್ಲ?”

“ಕಾಲು ನೋಡಿದ್ಲು. ನಿದ್ದೆ ಹತ್ತೋಕ್ಕೆ ಮುಂಚೆ, ಪರದೆ ಕೆಳಗೆ, ಎರಡು ಕಾಲು. ಅರಿಸಿನ ಹಚ್ಚಿತ್ತಂತೆ. ಎಡಗಾಲಿನ ಹೆಬ್ಬೆರಳಿಗೆ ಉಗುರಿರ್ಲಿಲ್ವಂತೆ. ಎಲ್ಲೋ ಎಡವಿ ಬಿದ್ದಿರ್ಬೇಕು ಪಾಪ, ಅನ್ನೋಳು. ಬದನೇಕಾಯಿ ಹೆಚ್ಚುತ್ತಾ ನಗ್ತಾ ಹೇಳೋಳು ಇದನ್ನ. ನಾವೂ ನಗ್ತಿದ್ವಿ.”

ಸಂಹಿತಾ ನಗಲಿಲ್ಲ. ಮೊಣಕಾಲಿಗೆ ಮುಖವಿಟ್ಟುಕೊಂಡು ಕೆರೆಯ ಕಡೆಗೆ ನೋಡುತ್ತ ಕುಳಿತಳು. ಕೆಳಗಿನಿಂದ ಯಾರೋ ಆರತಿಗೆ ಹೊತ್ತಾಯಿತೆಂದು ಅವಳನ್ನು ಕೂಗಿದರು. ಎದ್ದು ಸೀರೆಗಂಟಿದ ಕಾಗದದ ಚೂರುಗಳನ್ನು ಕೊಡವಿಕೊಂಡಳು.

“ನಿಮಗೆ ಭಯ ಇದೆಯಾ ಪಾ? ನಿಜ ಹೇಳಿ.”

ಮಗಳಿಗೆ ಇನ್ನೊಂದು ಚಂದದ ಕಥೆ ಹೇಳುವ ಶಕ್ತಿ ಹರಿದಾಸರಿಗೆ ಉಳಿದಿರಲಿಲ್ಲ. “ಇದೆ” ಎಂದರು. “ಬಹಳ ಇದೆ.”

“ಸರಿ. ಹಾಗಾದ್ರೆ ರತ್ನತ್ತೆ ಪಂಚೇನೇ ಹಿಡೀಲಿ. ನೀವು ಭಯದಲ್ಲಿ ನಿಂತಿರೋವಾಗ ನಾನು ಮಣೆ ಮೇಲೆ ನಿಂತು ಏನ್ ಸಂತೋಷ ಪಡ್ಲಿ?” ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಹಟ ಹಿಡಿದಿದ್ದರೆ ಹರಿದಾಸರಿಗೆ ಸುಲಭವಾಗುತ್ತಿತ್ತು, ಬೈದು ಬಾಯಿ ಮುಚ್ಚಿಸಬಹುದಿತ್ತು. ಬಿಟ್ಟುಕೊಟ್ಟು ಹೋದವಳನ್ನು ಏನು ಮಾಡುವುದು?

ಮಾರನೆಯ ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ಮಂಟಪದ ಪಕ್ಕದ ತಟ್ಟೆಯಲ್ಲಿ ಎರಡು ಬಟ್ಟೆಗಳಿದ್ದವು. ಮೇಲೆ ರತ್ನಾವತಿಯ ಬಿಳಿಯ ಪಂಚೆ, ಅದಕ್ಕೆ ಕುಂಕುಮದಲ್ಲಿ ಸ್ವಸ್ತಿಕ ಬರೆದಾಗಿತ್ತು. ಕೆಳಗೆ ಮಡಿಸಿದ ಕೆಂಪು. ಅದನ್ನು ತಟ್ಟೆಯಿಂದ ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ಹರಿದಾಸರು ಪಂಚಕಚ್ಚೆ ಉಟ್ಟು ತಟ್ಟೆಯ ಹತ್ತಿರವೇ ನಿಂತಿದ್ದರು. ಮಗಳು ಮಣೆಯ ಮೇಲೆ ಬಂದು ನಿಂತಳು. ಎದುರಿನ ಮಣೆಯ ಮೇಲೆ ವರ ಕೌಶಿಕ್, ಪೆರುಂಗುಡಿಯಲ್ಲಿ ಕೆಲಸ ಮಾಡುವ ಸಂಕೋಚದ ಹುಡುಗ. ಬಾಸಿಂಗ ಜಾರಿ ಹುಬ್ಬಿನ ಮೇಲೆ ಕೂತಿತ್ತು. ತನಗೆ ಬೇಸರವಿದೆಯೆಂದು ಯಾರೂ ಅಂದುಕೊಳ್ಳದಂತೆ ಸಂಹಿತಾ ಮುಖ ಗೆಲುವಾಗಿಟ್ಟುಕೊಂಡಿದ್ದಳು. ಹರಿದಾಸರು ಆ ಮುಖದಿಂದ ಕಣ್ಣು ತೆಗೆದು ತಟ್ಟೆಯ ಕಡೆ ನೋಡಿದರು.

“ಅಂತರಪಟ ಎಲ್ರೀ? ಕೊಡಿ ಕೊಡಿ, ಲಗ್ನ ಮೀರತ್ತೆ” ಎಂದು ಆಚಾರ್ಯರು ಪುಸ್ತಕದಿಂದ ಕಣ್ಣೆತ್ತದೆ ಕೈ ಚಾಚಿದರು.

ಹರಿದಾಸರು ಪಂಚೆಯ ಮೇಲೆ ಕೈಯಿಟ್ಟರು. ಆ ಕ್ಷಣದಲ್ಲಿ ಅವರಿಗೆ ಕಂಡದ್ದು ಭೀಮತ್ತೆಯ ಮುಖವಲ್ಲ, ಶಾಸ್ತ್ರವೂ ಅಲ್ಲ. ಈ ಛತ್ರದಲ್ಲಿಯೂ ಒಂದು ಉಗ್ರಾಣವಿದೆ, ಹಿತ್ತಲಿದೆ. ಕೆಂಪನ್ನು ಈಗ ತಟ್ಟೆಯಲ್ಲೇ ಬಿಟ್ಟರೆ ಭೀಮತ್ತೆಯನ್ನು ಮತ್ತೊಮ್ಮೆ ಅಲ್ಲಿಗೆ ಕಳಿಸಿದ ಹಾಗಾಗುತ್ತದೆ, ಈ ಸಲ ಕಳಿಸಿದವನು ನಾನೇ ಆಗುತ್ತೇನೆ ಎಂಬುದಷ್ಟೇ ಹೊಳೆಯಿತು. ಭಯ ಹೋಗಿರಲಿಲ್ಲ. ಆ ಭಯದಲ್ಲೇ ಪಂಚೆಯನ್ನು ಪಕ್ಕಕ್ಕೆ ಸರಿಸಿ ಕೆಂಪು ಪಟ್ಟೆಯನ್ನು ಎತ್ತಿ ಆಚಾರ್ಯರಿಗೆ ಕೊಟ್ಟರು.

ಆಚಾರ್ಯರು ಬೆರಳಲ್ಲಿ ಮುಟ್ಟಿ ನೋಡಿ “ಪಟ್ಟೆ, ಒಳ್ಳೇದಾಯ್ತು” ಎಂದಷ್ಟೇ ಹೇಳಿ ಬಿಡಿಸಿದರು. ಒಂದು ತುದಿಯನ್ನು ವೃಂದಾರ ತಮ್ಮ ಹಿಡಿದ. ಇನ್ನೊಂದನ್ನು ಗಂಡಿನ ಕಡೆಯ ಒಬ್ಬ ಚಿಕ್ಕಪ್ಪ ಹಿಡಿದರು, ಅವರ ಇನ್ನೊಂದು ಕೈಯಲ್ಲಿ ಮೊಬೈಲು. ಸಂಹಿತಾ ಬಟ್ಟೆಯನ್ನು ನೋಡಿದಳು, ತಂದೆಯನ್ನು ನೋಡಿದಳು. ಗೆಲುವಿನ ಮುಖ ಕಳಚಿಬಿದ್ದಿತು. ಪರದೆ ಮೇಲೇರಿತು, ವಾದ್ಯ ತಗ್ಗಿತು, ಮಂಗಳಾಷ್ಟಕ ಸುರುವಾಯಿತು.

ಹರಿದಾಸರು ಅಕ್ಕನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ನೋಡದೆಯೂ ಗೊತ್ತಾಗುತ್ತಿತ್ತು, ರತ್ನಾವತಿ ಎದ್ದು ನಿಂತಿದ್ದರು. ಜನರನ್ನು ಸರಿಸಿಕೊಂಡು ಮಂಟಪದ ಮೆಟ್ಟಿಲು ಹತ್ತುತ್ತಿದ್ದರು. ಈಗ ಕೂಗುತ್ತಾರೆ, ಇನ್ನೂರು ಜನರ ಮುಂದೆ ಎಲ್ಲ ಬಯಲಾಗುತ್ತದೆ ಎಂದು ಹರಿದಾಸರು ಕಣ್ಣು ಮುಚ್ಚಿಕೊಂಡರು.

“ಎತ್ತಿ ಹಿಡೀರಿ” ಎಂದು ಕೇಳಿಸಿತು.

ಕಣ್ಣು ಬಿಟ್ಟರೆ ರತ್ನಾವತಿ ಗಂಡಿನ ಚಿಕ್ಕಪ್ಪನ ಎದುರು ನಿಂತಿದ್ದರು. ಮೊಬೈಲಿನವರ ಕೈ ಸೋತು ಆ ಬದಿಯ ಅಂಚು ಕೆಳಗಿಳಿದಿತ್ತು. “ನೆಲಕ್ಕೆ ತಾಗ್ತಿದೆ, ಕಾಣ್ಸಲ್ವಾ ನಿಮಗೆ? ಮಡಿ ಬಟ್ಟೆ ಅದು. ಕೊಡಿ ಇಲ್ಲಿ.” ಅವರಿಂದ ತುದಿಯನ್ನು ಕಿತ್ತುಕೊಂಡು, ತೇಪೆ ತಮ್ಮ ಅಂಗೈಯೊಳಗೆ ಬರುವ ಹಾಗೆ ಮುದುರಿ ಹಿಡಿದು, ರತ್ನಾವತಿ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದರು. ತಮ್ಮನ ಮುಖ ನೋಡಲಿಲ್ಲ. ಮಂಗಳಾಷ್ಟಕ ಮುಗಿಯುವವರೆಗೂ ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

“ಸುಮುಹೂರ್ತೇ ಸಾವಧಾನ” ಎಂದರು ಆಚಾರ್ಯರು. ಗಟ್ಟಿಮೇಳ ಎದ್ದು ಮೊಳಗಿತು. ಅಂತರಪಟ ಸರಿಯಿತು.

ಮದುವಣಗಿತ್ತಿ ಆಗ ತಲೆ ತಗ್ಗಿಸಿಕೊಂಡಿರಬೇಕು, ಓರೆಗಣ್ಣಿನಲ್ಲಿ ಒಮ್ಮೆ ನೋಡಿ ಜೀರಿಗೆ ಬೆಲ್ಲ ಹಾಕಬೇಕು. ಬಳಗದ ಹೆಣ್ಣುಮಕ್ಕಳೆಲ್ಲ ಹಾಗೇ ಮಾಡಿಕೊಂಡು ಬಂದದ್ದು. ಸಂಹಿತಾ ತಲೆಯೆತ್ತಿದಳು. ಎತ್ತಿ ಕೌಶಿಕನ ಮುಖವನ್ನು ನೇರವಾಗಿ ನೋಡಿದಳು. ಹಣೆ, ಬಾಸಿಂಗದಡಿಯ ಹುಬ್ಬು, ಕಣ್ಣು, ಬೆವರಿದ ಮೇಲ್ದುಟಿ, ಒಂದನ್ನೂ ಬಿಡದೆ ನಿಧಾನವಾಗಿ ನೋಡಿದಳು. ಹುಡುಗ ನಾಚಿ ತಾನೇ ತಲೆ ತಗ್ಗಿಸಿದ. ಅವಳು ಕೈ ಚಾಚಿ ಅವನ ಗಲ್ಲ ಎತ್ತಿ ಮತ್ತೆ ನೋಡಿದಳು. ಜೀರಿಗೆ ಬೆಲ್ಲ ಅವಳ ಮುಷ್ಟಿಯಲ್ಲೇ ಉಳಿದಿತ್ತು.

ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಸಾಕಮ್ಮಾ, ಇನ್ನು ದಿನಾ ನೋಡೋದೇ ಇದೆ!” ಎಂದು ಯಾರೋ ಕೂಗಿದರು. ಛತ್ರವೆಲ್ಲ ನಕ್ಕಿತು, ಆಚಾರ್ಯರೂ ನಕ್ಕರು.

ನಗದವರು ಇಬ್ಬರೇ. ರತ್ನಾವತಿ ಇಳಿಸಿದ ಬಟ್ಟೆಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ಹರಿದಾಸರು ಮಗಳನ್ನು ನೋಡುತ್ತಿದ್ದರು. ಅವಳು ಇಷ್ಟು ಹೊತ್ತು ಆ ಎಂಟು ವರ್ಷದ ಹುಡುಗಿಯ ಪಾಲಿನದನ್ನೂ ಸೇರಿಸಿ ನೋಡುತ್ತಿದ್ದಾಳೆಂದು ಅವರಿಗೆ ಗೊತ್ತಿತ್ತು.

“ನೋಡ್ಲಿ ಬಿಡಿ” ಎಂದರು ಹರಿದಾಸರು. “ಪೂರ್ತಿ ನೋಡ್ಲಿ.”